ಬೀಳುವ ಚೌಕಗಳೂ ಬಿಡದ ನೆನಪುಗಳೂ

ಮಕ್ಕಳ ಕೈಯಲ್ಲಿ ಮೊಬೈಲು ಕಂಡೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಈಗ ಮನೆಮನೆಯ ಕಥೆ. "ಓದು ಬರಹ ಬಿಟ್ಟು ಅದೇನು ಆ ಹಾಳು ಆಟ!" ಎಂಬ ಗದರಿಕೆ ಕೇಳಿಬರದ ಮನೆ ವಿರಳ. ಆದರೆ ಆ ಬಗೆಯ ಒಂದು ಆಟವನ್ನು ಮುಂದಿರಿಸಿಕೊಂಡು ಆಕ್ಸ್‌ಫರ್ಡ್, ಹಾರ್ವರ್ಡ್‌ಗಳಂಥ ವಿದ್ಯಾಪೀಠಗಳ ಪಂಡಿತರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ, ರಸ್ತೆ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದವರ ಕೈಗೆ ಅದನ್ನು ಔಷಧಿಯಂತೆ ಕೊಟ್ಟು ನೋಡಿದ್ದಾರೆ ಎಂದರೆ ವಾಚಕರಿಗೆ ಸೋಜಿಗವಾದೀತು. ಆ ಆಟದ ಹೆಸರು ಟೆಟ್ರಿಸ್.

ನಮ್ಮ ಭಾಷೆಯಲ್ಲಿ 'ಆಟ' ಎಂಬುದು ಹಗುರವಾದ ಮಾತೇನೂ ಅಲ್ಲ. ಕರಾವಳಿಯ ಜನ ಇರುಳೆಲ್ಲ ಕುಳಿತು ನೋಡುವ ಯಕ್ಷಗಾನಕ್ಕೆ ಆಟವೆಂದೇ ಹೆಸರು. ಜಗತ್ತಿನ ಸೃಷ್ಟಿಯನ್ನೇ ಲೀಲೆಯೆಂದು ಕರೆದವರು ನಮ್ಮ ಹಿರಿಯರು. ಯೂರೋಪಿನಲ್ಲಿಯೂ ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೌಜಿಂಗ ಎಂಬಾತ ೧೯೩೮ರಷ್ಟು ಹಿಂದೆಯೇ, ಮನುಷ್ಯನ ಸಂಸ್ಕೃತಿಯು ಆಟದ ತೊಟ್ಟಿಲಲ್ಲಿ ಬೆಳೆಯಿತೆಂದು ವಾದಿಸಿ ಗ್ರಂಥ ಬರೆದನು. ಕಂಪ್ಯೂಟರಿನ ಆಟಗಳು ಬಂದ ಮೇಲೆ ಈ ವಿಚಾರಕ್ಕೆ ಹೊಸ ತಿರುವು ದೊರೆಯಿತು. ೧೯೮೦ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಮೆಲೋನ್ ಎಂಬ ತರುಣನು ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಈ ಆಟಗಳನ್ನೇ ಆರಿಸಿಕೊಂಡನು. ಚೆಂಡು ಬಡಿದು ಇಟ್ಟಿಗೆಯ ಗೋಡೆ ಒಡೆಯುವ ಒಂದು ಆಟದಿಂದ ಒಂದೊಂದೇ ಅಂಗವನ್ನು ಕಿತ್ತು, ಉಳಿದುದನ್ನು ಆಡಲು ಕೊಟ್ಟು, ರುಚಿ ಯಾವುದರಲ್ಲಿದೆ ಎಂದು ಪರೀಕ್ಷಿಸಿದನು. ಅಡಿಗೆಯಲ್ಲಿ ಉಪ್ಪು ಬಿಟ್ಟು, ಹುಳಿ ಬಿಟ್ಟು ಬಡಿಸಿ ನೋಡುವ ಕ್ರಮ ಇದು. ಸವಾಲು, ಕಲ್ಪನೆ, ಕುತೂಹಲ ಈ ಮೂರು ಸೇರಿದಾಗ ಆಟ ಮನಸ್ಸನ್ನು ಹಿಡಿಯುತ್ತದೆ ಎಂಬುದು ಅವನ ತೀರ್ಮಾನ. ಅಂದಿನಿಂದ ಆಟದ ರಚನೆ, ಆಡುವವನ ಅನುಭವ ಇವೆರಡರ ನಂಟನ್ನು ಅರಸುವ ವಿದ್ಯೆಯೊಂದು ಬೆಳೆಯುತ್ತ ಬಂದಿದೆ. ಆ ವಿದ್ಯೆಗೆ ಟೆಟ್ರಿಸ್‌ನಷ್ಟು ಒಳ್ಳೆಯ ಉದಾಹರಣೆ ಮತ್ತೊಂದು ಸಿಗಲಾರದು.

ಮಾಸ್ಕೋದಲ್ಲಿ ಹುಟ್ಟಿದ ಕೂಸು

೧೯೮೪ರ ಮಾತು. ಸೋವಿಯತ್ ವಿಜ್ಞಾನ ಅಕಾಡೆಮಿಗೆ ಸೇರಿದ ಮಾಸ್ಕೋದ ಗಣನ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬ ಇಪ್ಪತ್ತೊಂಬತ್ತು ವರ್ಷದ ತಜ್ಞನಿದ್ದನು. ಅವನಿಗೆ ಬಾಲ್ಯದಿಂದಲೂ ಒಗಟಿನ ಆಟಗಳೆಂದರೆ ಪ್ರಾಣ. ಐದೈದು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿದ ಹನ್ನೆರಡು ಮರದ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಸರಿಯಾಗಿ ಜೋಡಿಸಿಡುವ ಆಟವೊಂದಿದೆ. ಅದನ್ನು ಯಂತ್ರದ ಮೇಲೆ ತರಬೇಕೆಂದು ಹೊರಟ ಅವನು, ಐದರ ಬದಲು ನಾಲ್ಕೇ ಚೌಕಗಳ ತುಂಡುಗಳನ್ನು ಆರಿಸಿಕೊಂಡನು. ನಾಲ್ಕು ಚೌಕಗಳಿಂದ ಆಗುವ ಆಕಾರಗಳು ಏಳೇ ಏಳು: ಒಂದು ಕೋಲು, ಒಂದು ಚದರ, ಒಂದು ಕವಲು, ಎಡಕ್ಕೂ ಬಲಕ್ಕೂ ಬಾಗಿದ ಎರಡು ಕೊಕ್ಕೆ, ಎಡಕ್ಕೂ ಬಲಕ್ಕೂ ಸೊಟ್ಟಗಾದ ಎರಡು ಮೆಟ್ಟಿಲು.

ಅವನ ಮುಂದಿದ್ದುದು 'ಎಲೆಕ್ಟ್ರೋನಿಕಾ ೬೦' ಎಂಬ ಯಂತ್ರ. ಅದರ ಪರದೆಯ ಮೇಲೆ ಚಿತ್ರ ಮೂಡುತ್ತಿರಲಿಲ್ಲ, ಅಕ್ಷರಗಳು ಮಾತ್ರ. ಆದುದರಿಂದ ಕಂಸದ ಗುರುತುಗಳನ್ನೇ ಜೋಡಿಸಿ ಚೌಕಗಳನ್ನು ಕಟ್ಟಿದನು. ತುಂಡುಗಳು ಮೇಲಿನಿಂದ ಒಂದೊಂದಾಗಿ ಬೀಳಬೇಕು. ಆಡುವವನು ಅವುಗಳನ್ನು ತಿರುಗಿಸಿ, ಸರಿಸಿ, ಕೆಳಗೆ ಹೊಂದಿಸಬೇಕು. ಆದರೆ ಕೆಲವೇ ಕ್ಷಣಗಳಲ್ಲಿ ಪರದೆ ತುಂಬಿ ಆಟ ಮುಗಿದುಹೋಗುತ್ತಿತ್ತು. ಆಗ ಹೊಳೆದದ್ದು ಈ ಆಟದ ಜೀವಾಳವಾದ ಉಪಾಯ: ಅಡ್ಡಸಾಲೊಂದು ಸಂಧಿಯಿಲ್ಲದೆ ತುಂಬಿತೆಂದರೆ ಅದು ಮಾಯವಾಗಬೇಕು, ಮೇಲಿನದೆಲ್ಲ ಕೆಳಗಿಳಿಯಬೇಕು. ವಾದಿಮ್ ಗೆರಾಸಿಮೋವ್ ಎಂಬ ಹದಿನಾರರ ಹುಡುಗ ಇದನ್ನು ಐ.ಬಿ.ಎಂ. ಯಂತ್ರಕ್ಕೆ ಅಳವಡಿಸಿಕೊಟ್ಟ ಮೇಲೆ ಆಟ ಕೈಯಿಂದ ಕೈಗೆ ದಾಟಿ, ಗಡಿಗಳನ್ನೂ ದಾಟಿತು. ೧೯೮೯ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯವರು 'ಗೇಮ್ ಬಾಯ್' ಎಂಬ ಅಂಗೈಯಗಲದ ಯಂತ್ರದೊಡನೆ ಇದನ್ನು ಪೇಟೆಗೆ ಬಿಟ್ಟಾಗ ಲೋಕವೇ ಇದಕ್ಕೆ ಮರುಳಾಯಿತು. ಆಟದ ಹಕ್ಕುಗಳು ಸರಕಾರದ ವಶದಲ್ಲಿದ್ದುದರಿಂದ ಅದನ್ನು ಹೆತ್ತವನಿಗೆ ಮಾತ್ರ ೧೯೯೬ರವರೆಗೆ ಗೌರವಧನದ ಕಾಸೂ ದೊರೆಯಲಿಲ್ಲ.

ಸೋಲೇ ನಿಶ್ಚಯವಾದ ಆಟ

ಇನ್ನು ಪಂಡಿತರ ಸರದಿ. ಮೊದಲು ಬಂದವರಲ್ಲಿ ಗಣಿತಜ್ಞರೂ ಇದ್ದರು. ಈ ಆಟವನ್ನು ಗೆಲ್ಲಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ೧೯೯೨ರಲ್ಲಿ ಕೆನಡಾದ ಜಾನ್ ಬ್ರುಸ್ಟೋವ್‌ಸ್ಕಿ, ೧೯೯೭ರಲ್ಲಿ ಹೈಡಿ ಬರ್ಗೀಲ್ ಇದಕ್ಕೆ ಉತ್ತರ ಹುಡುಕಿದರು. ಎಡಸೊಟ್ಟ ಬಲಸೊಟ್ಟ ಮೆಟ್ಟಿಲ ತುಂಡುಗಳೇ ಒಂದಾದ ಮೇಲೊಂದು ಬರತೊಡಗಿದರೆ ಎಂಥ ನಿಪುಣನೂ ಕೊನೆಗೆ ಸೋಲಲೇಬೇಕು ಎಂದು ಸಾಧಿತವಾಯಿತು. ತುಂಡುಗಳು ಯಾವ ಕಟ್ಟಳೆಯೂ ಇಲ್ಲದೆ ಬರುತ್ತಿದ್ದರೆ, ಅಂಥ ಕೇಡಿನ ಸರಣಿ ಎಂದಾದರೊಂದು ದಿನ ಬಂದೇ ತೀರುತ್ತದೆ. ೨೦೦೨ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಎರಿಕ್ ಡಿಮೇನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಂದೆ ಬರುವ ತುಂಡುಗಳೆಲ್ಲ ಯಾವುವೆಂದು ಮೊದಲೇ ತಿಳಿದಿದ್ದರೂ ಅತ್ಯುತ್ತಮವಾದ ನಡೆಯನ್ನು ಕಂಡುಹಿಡಿಯುವುದು ಗಣಿತದ ಅತಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರಿದ್ದೆಂದು ಅವರು ತೋರಿಸಿದರು.

ಆಟವನ್ನು ರಚಿಸುವವರು ಇಲ್ಲಿಂದ ಒಂದು ಪಾಠ ಕಲಿತರು. ಬೇಕಾದ ಕೋಲು ಬಹಳ ಹೊತ್ತು ಬಾರದಿದ್ದರೆ ಆಡುವವನಿಗೆ ಯಂತ್ರವೇ ತನಗೆ ಮೋಸ ಮಾಡುತ್ತಿದೆ ಎನಿಸುತ್ತದೆ. ಆದುದರಿಂದ ಈಚಿನ ಅನೇಕ ಆವೃತ್ತಿಗಳಲ್ಲಿ ಏಳು ಆಕಾರಗಳನ್ನೂ ಒಂದು ಚೀಲಕ್ಕೆ ಹಾಕಿ ಕುಲುಕಿ, ಏಳೂ ಮುಗಿದ ಮೇಲೆ ಮತ್ತೆ ತುಂಬುವ ಏರ್ಪಾಡಿದೆ. ಅದೃಷ್ಟಕ್ಕೂ ಒಂದು ನ್ಯಾಯವಿರಬೇಕೆಂದು ಮನುಷ್ಯ ಬಯಸುತ್ತಾನೆ. ಚೌಕಾಬಾರದ ಕವಡೆಯನ್ನು ಶಪಿಸುವ ಅಜ್ಜಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಆಟದಲ್ಲಿ ಮಾಡಿದ ಒಳ್ಳೆಯ ಕೆಲಸ ಕಣ್ಣೆದುರಿಗೇ ಕರಗಿಹೋಗುತ್ತದೆ. ತಪ್ಪುಗಳು ಮಾತ್ರ ಗುಡ್ಡೆಯಾಗಿ ನಿಲ್ಲುತ್ತವೆ. ವೇಗ ಏರುತ್ತ ಹೋಗುತ್ತದೆ. ಆದರೂ ಜನ ಬೇಸರಿಸದೆ ಆಡುತ್ತಾರೆ. ೧೯೮೯ರ ಒಂದು ಆವೃತ್ತಿಯಲ್ಲಿ ಇಪ್ಪತ್ತೊಂಬತ್ತನೆಯ ಹಂತವೇ ಮನುಷ್ಯನ ಬೆರಳಿನ ಎಲ್ಲೆ ಎಂದು ಬಹುಕಾಲ ನಂಬಿದ್ದರು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮ ಸಂಸ್ಥಾನದ ಹದಿಮೂರು ವರ್ಷದ ಬಾಲಕನೊಬ್ಬ ೧೫೭ನೆಯ ಹಂತದವರೆಗೆ ಆಡಿ, ಮುಂದೆ ಸಾಗಲಾರದೆ ಆಟವೇ ಸ್ತಬ್ಧವಾಗುವಂತೆ ಮಾಡಿದನು. ಸೋಲಿಸುವುದಕ್ಕೆಂದೇ ಹುಟ್ಟಿದ ಆಟ ಅಂದು ತಾನೇ ಕೈ ಚೆಲ್ಲಿತು.

ಬೆರಳೂ ಯೋಚಿಸುತ್ತದೆ

ಮನಸ್ಸು ಮೊದಲು ಯೋಚಿಸುತ್ತದೆ, ಕೈ ಆಮೇಲೆ ಅದರ ಆಜ್ಞೆಯನ್ನು ನಡೆಸುತ್ತದೆ ಎಂಬುದು ನಮ್ಮೆಲ್ಲರ ತಿಳಿವಳಿಕೆ. ೧೯೯೪ರಲ್ಲಿ ಕ್ಯಾಲಿಫೋರ್ನಿಯದ ಡೇವಿಡ್ ಕರ್ಶ್ ಮತ್ತು ಪಾಲ್ ಮ್ಯಾಗ್ಲಿಯೊ ಟೆಟ್ರಿಸ್ ಆಡುವವರ ಪ್ರತಿಯೊಂದು ಒತ್ತುವಿಕೆಯನ್ನೂ ದಾಖಲು ಮಾಡಿ ಪರೀಕ್ಷಿಸಿದಾಗ ಬೇರೊಂದು ಸಂಗತಿ ಕಂಡಿತು. ನುರಿತ ಆಟಗಾರರು ತುಂಡನ್ನು ಅಗತ್ಯಕ್ಕಿಂತ ಹೆಚ್ಚು ಸಲ ತಿರುಗಿಸುತ್ತಿದ್ದರು. ಮೇಲ್ನೋಟಕ್ಕೆ ಇದು ವ್ಯರ್ಥ ಚೇಷ್ಟೆ. ನಿಜವಾಗಿ ಅವರು ತುಂಡನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಬದಲು ಪರದೆಯ ಮೇಲೆಯೇ ತಿರುಗಿಸಿ ನೋಡುತ್ತಿದ್ದರು. ತಲೆಯೊಳಗೆ ತಿರುಗಿಸುವುದಕ್ಕಿಂತ ಗುಂಡಿಯನ್ನೊತ್ತಿ ತಿರುಗಿಸುವುದು ಶೀಘ್ರವಾದುದು. ಅಂದರೆ ಕೈಯ ಚಲನೆಯೇ ಯೋಚನೆಯ ಒಂದು ಭಾಗವಾಗಿತ್ತು. ಬೆರಳು ಮಡಿಸಿ ತಾಳ ಹಾಕುವ ಸಂಗೀತಗಾರನೂ, ಬೆರಳ ಗೆಣ್ಣೆಣಿಸಿ ಲೆಕ್ಕ ಹೇಳುವ ಅಂಗಡಿಯ ಶೆಟ್ಟರೂ ಈ ಗುಟ್ಟನ್ನು ಬಲ್ಲರು.

ಇದಕ್ಕೆ ಎರಡು ವರ್ಷ ಮುಂಚೆ, ೧೯೯೨ರಲ್ಲಿ, ಅದೇ ಕ್ಯಾಲಿಫೋರ್ನಿಯದ ರಿಚರ್ಡ್ ಹಾಯರ್ ಟೆಟ್ರಿಸ್ ಕಲಿಯುವವರ ಮೆದುಳು ಎಷ್ಟು ಸಕ್ಕರೆಯನ್ನು ಉರಿಸುತ್ತದೆ ಎಂದು ಅಳೆದಿದ್ದರು. ಕೆಲವು ವಾರಗಳ ಅಭ್ಯಾಸದಿಂದ ಆಟಗಾರರ ಅಂಕಗಳು ಹಲವು ಪಟ್ಟು ಏರಿದುವು. ಮೆದುಳಿನ ವೆಚ್ಚ ಮಾತ್ರ ಇಳಿಯಿತು. ಪಳಗಿದ ಮನಸ್ಸು ಕಡಿಮೆ ಎಣ್ಣೆಯಲ್ಲಿ ಹೆಚ್ಚು ಬೆಳಕು ಕೊಡುವ ದೀಪದಂತೆ.

ಕಣ್ಣು ಮುಚ್ಚಿದರೂ ಬೀಳುವ ಚೌಕಗಳು

ಈ ಆಟವನ್ನು ಬಹಳ ಹೊತ್ತು ಆಡಿದವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಮಲಗಿ ಕಣ್ಣು ಮುಚ್ಚಿದೊಡನೆ ರೆಪ್ಪೆಯೊಳಗಿನ ಕತ್ತಲೆಯಲ್ಲಿ ಚೌಕಗಳು ಬೀಳತೊಡಗುತ್ತವೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ರಾಬರ್ಟ್ ಸ್ಟಿಕ್‌ಗೋಲ್ಡ್ ಇದನ್ನು ಅಭ್ಯಾಸ ಮಾಡಿ ೨೦೦೦ದಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡವರು ೨೭ ಮಂದಿ: ೧೨ ಮಂದಿ ಹೊಸಬರು, ೧೦ ಮಂದಿ ಪಳಗಿದವರು, ಉಳಿದ ಐವರು ಮೆದುಳಿಗೆ ಪೆಟ್ಟಾಗಿ ಹೊಸ ನೆನಪನ್ನು ಉಳಿಸಿಕೊಳ್ಳಲಾರದ ರೋಗಿಗಳು. ಮೂರು ದಿನ ಆಡಿಸಿ, ನಿದ್ರೆ ಹತ್ತುವ ಹೊತ್ತಿನಲ್ಲಿ ಕೇಳಿದಾಗ ೧೭ ಮಂದಿ ಬೀಳುವ ಚೌಕಗಳನ್ನು ಕಂಡೆವೆಂದರು.

ಇದರಲ್ಲಿ ಮನ ಕಲಕುವುದು ಆ ಐವರ ಕಥೆ. ಅವರಿಗೆ ಪ್ರತಿ ಸಲವೂ ಸಂಶೋಧಕನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿತ್ತು, ಆಟದ ನಿಯಮಗಳನ್ನು ಹೊಸದಾಗಿ ಹೇಳಿಕೊಡಬೇಕಾಗಿತ್ತು. ತಾವು ಅಂಥ ಆಟವನ್ನು ಆಡಿದ್ದೇವೆಂಬುದೇ ಅವರಿಗೆ ನೆನಪಿರಲಿಲ್ಲ. ಆದರೂ ಅವರಲ್ಲಿ ಮೂವರು ಕಣ್ಣು ಮುಚ್ಚಿದಾಗ, ತಮಗೇ ಅರ್ಥವಾಗದಂತೆ, ಬೀಳುತ್ತ ತಿರುಗುತ್ತ ಬರುವ ಆಕಾರಗಳನ್ನು ಕಂಡರು. ಸಂಗತಿಯನ್ನು ಮರೆತ ಮನಸ್ಸು ಚಿತ್ರವನ್ನು ಮರೆತಿರಲಿಲ್ಲ. ನೆನಪೆಂಬುದು ಒಂದೇ ಕೋಣೆಯ ಮನೆಯಲ್ಲ. ಕಥೆಯನ್ನಿಡುವ ಕೋಣೆ ಬೇರೆ, ಚಿತ್ರಗಳನ್ನಿಡುವ ಕೋಣೆ ಬೇರೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬಹು ಮುಖ್ಯವಾದ ಒಂದು ಕಾರ್ಯಕ್ಕೆ ಒದಗಲಿದೆ.

ತನ್ಮಯತೆಯ ಹದ

ನಮ್ಮ ಆಲಂಕಾರಿಕರು ಸಹೃದಯನನ್ನು ವರ್ಣಿಸುವಾಗ 'ತನ್ಮಯೀಭವನ' ಎಂಬ ಮಾತನ್ನು ಬಳಸಿದ್ದಾರೆ. ವಸ್ತುವಿನಲ್ಲಿ ಒಂದಾಗಿ, ತನ್ನನ್ನು ತಾನೇ ಮರೆಯುವುದು. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಇದಕ್ಕೆ ಹತ್ತಿರವಾದ ಒಂದು ಸ್ಥಿತಿಯನ್ನು ಚದುರಂಗದ ಆಟಗಾರರಲ್ಲಿ, ಬೆಟ್ಟ ಹತ್ತುವವರಲ್ಲಿ, ಶಸ್ತ್ರವೈದ್ಯರಲ್ಲಿ, ನರ್ತಕರಲ್ಲಿ ಗುರುತಿಸಿ ೧೯೭೫ರಲ್ಲಿ ಗ್ರಂಥವೊಂದನ್ನು ಹೊರತಂದರು. ಅವರು ಅದಕ್ಕೆ ಕೊಟ್ಟ ಹೆಸರಿನ ಅರ್ಥ 'ಹರಿವು'. ಕೆಲಸ ನಮ್ಮ ಶಕ್ತಿಗಿಂತ ಸುಲಭವಾದರೆ ಬೇಸರ, ಕಷ್ಟವಾದರೆ ಕಳವಳ. ಎರಡೂ ಸಮವಾದಾಗ ಹೊತ್ತು ಹೋದದ್ದೇ ತಿಳಿಯದ ಹರಿವು. ಕೈ ನುರಿತಂತೆಲ್ಲ ವೇಗವೂ ಏರುವ ಟೆಟ್ರಿಸ್, ಈ ಸಮತೂಕವನ್ನು ತಾನಾಗಿಯೇ ಕಾಯ್ದುಕೊಂಡು ಹೋಗುತ್ತದೆ.

ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಕೇಟ್ ಸ್ವೀನಿ ಮತ್ತು ಸಂಗಡಿಗರು ಇದನ್ನು ಒಂದು ಚತುರ ಪ್ರಯೋಗದಿಂದ ಪರೀಕ್ಷಿಸಿದರು. ಮುನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ, "ನಿಮ್ಮ ರೂಪ ಎಷ್ಟು ಆಕರ್ಷಕವೆಂದು ನಿಮ್ಮ ಓರಗೆಯವರು ಅಂಕ ಹಾಕಲಿದ್ದಾರೆ, ಫಲಿತಾಂಶಕ್ಕೆ ಸ್ವಲ್ಪ ಕಾಯಿರಿ" ಎಂದು ಹೇಳಿದರು. ಕಾಯುವಾಗ ಆಡಲು ಟೆಟ್ರಿಸ್ ಕೊಟ್ಟರು: ಕೆಲವರಿಗೆ ತೀರ ಸುಲಭವಾದದ್ದು, ಕೆಲವರಿಗೆ ತೀರ ಕಠಿಣವಾದದ್ದು, ಮತ್ತೆ ಕೆಲವರಿಗೆ ಅವರವರ ಕೈಗೆ ತಕ್ಕಂತೆ ಹದಗೊಳ್ಳುವುದು. ಹದವಾದ ಆಟ ಆಡಿದವರಿಗೆ ತನ್ಮಯತೆ ಹೆಚ್ಚು, ಕಾಯುವಿಕೆಯ ಕುದಿತ ಕಡಿಮೆ ಎಂದು ಕಂಡುಬಂತು. ಪರೀಕ್ಷೆಯ ಫಲಿತಾಂಶಕ್ಕೋ ವೈದ್ಯರ ವರದಿಗೋ ಕಾದು ಬೆಂದವರಿಗೆ ಇದರ ಬೆಲೆ ಗೊತ್ತು.

ನೆನಪಿನ ಗಾಯಕ್ಕೆ ಪಟ್ಟಿ

ಭೀಕರ ಅಪಘಾತವನ್ನು ಕಂಡವರನ್ನು, ಅದರಲ್ಲಿ ಸಿಲುಕಿ ಬದುಕಿದವರನ್ನು ಆಮೇಲೆ ಕಾಡುವುದು ಕರೆಯದೆ ಬರುವ ಚಿತ್ರಗಳು. ಒಡೆದ ಗಾಜು, ಎದುರಿನಿಂದ ನುಗ್ಗಿದ ದೀಪ, ರಕ್ತ — ಊಟ ಮಾಡುವಾಗ, ಮಗುವಿನೊಡನೆ ನಗುವಾಗ, ತಟ್ಟನೆ ಕಣ್ಣ ಮುಂದೆ ನಿಲ್ಲುತ್ತವೆ. ಆಕ್ಸ್‌ಫರ್ಡಿನಲ್ಲಿದ್ದ ಎಮಿಲಿ ಹೋಮ್ಸ್ ಎಂಬ ವಿದುಷಿ ಹೀಗೆ ಯೋಚಿಸಿದರು: ನೆನಪು ಆದೊಡನೆ ಗಟ್ಟಿಯಾಗುವುದಿಲ್ಲ, ಹಸಿ ಗಾರೆಯಂತೆ ಕೆಲವು ಗಂಟೆ ಮೆತ್ತಗಿರುತ್ತದೆ. ಚಿತ್ರಗಳನ್ನು ಹಿಡಿದಿಡುವ ಮನಸ್ಸಿನ ಶಕ್ತಿಗೆ ಮಿತಿಯಿದೆ. ಆ ಹೊತ್ತಿನಲ್ಲಿ ಮನಸ್ಸಿನ ಕಣ್ಣಿಗೆ ಬೇರೊಂದು ಚಿತ್ರದ ಕೆಲಸ ಕೊಟ್ಟರೆ, ಭೀಕರ ಚಿತ್ರ ಅಷ್ಟು ಆಳವಾಗಿ ಅಚ್ಚೊತ್ತಲಾರದಲ್ಲವೆ?

೨೦೦೯ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ೪೦ ಮಂದಿಗೆ ಹನ್ನೆರಡು ನಿಮಿಷದ ಭಯಾನಕ ಚಲನಚಿತ್ರ ತೋರಿಸಿ, ಅರ್ಧ ಗಂಟೆಯ ಬಳಿಕ ಅರ್ಧದಷ್ಟು ಜನರಿಗೆ ಹತ್ತು ನಿಮಿಷ ಟೆಟ್ರಿಸ್ ಆಡಿಸಿದರು. ಉಳಿದವರು ಸುಮ್ಮನೆ ಕುಳಿತರು. ಮುಂದಿನ ಒಂದು ವಾರ, ಆಡಿದವರನ್ನು ಚಿತ್ರಗಳು ಕಾಡಿದ್ದು ಕಡಿಮೆ. ಆದರೆ ಚಿತ್ರದಲ್ಲಿದ್ದುದನ್ನು ಗುರುತಿಸುವ ಪರೀಕ್ಷೆಯಲ್ಲಿ ಎರಡು ಗುಂಪಿನವರೂ ಸಮಾನರಾಗಿದ್ದರು. ಕಥೆ ಉಳಿದಿತ್ತು, ಮುಳ್ಳು ಹೋಗಿತ್ತು.

ಯಾವ ಆಟವಾದರೂ ಆದೀತೇ? ೨೦೧೦ರಲ್ಲಿ ಅವರು ಟೆಟ್ರಿಸ್ ಜೊತೆಗೆ, ಪ್ರಶ್ನೆಗೆ ಉತ್ತರ ಹೇಳುವ ಮಾತಿನ ಆಟವೊಂದನ್ನೂ ಹೋಲಿಸಿ ನೋಡಿದರು. ಮಾತಿನ ಆಟ ಆಡಿದವರನ್ನು ಕಾಡುವ ಚಿತ್ರಗಳು ಕಡಿಮೆಯಾಗುವ ಬದಲು ಹೆಚ್ಚಾದುವು! ಸಂಶೋಧನೆಯ ಸಾರ ಇಲ್ಲಿದೆ: ಮನಸ್ಸನ್ನು ಬೇರೆ ಕಡೆ ಎಳೆದರಷ್ಟೇ ಸಾಲದು, ಆಟದ ರಚನೆ ಮನಸ್ಸಿನ ಯಾವ ಕೋಣೆಯ ಬಾಗಿಲು ತಟ್ಟುತ್ತದೆ ಎಂಬುದೇ ಮುಖ್ಯ.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಬಂದದ್ದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನ. ಆಕ್ಸ್‌ಫರ್ಡಿನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಗೆ ರಸ್ತೆ ಅಪಘಾತದಿಂದ ಬಂದ ೭೧ ಮಂದಿ ಅದರಲ್ಲಿ ಪಾಲ್ಗೊಂಡರು. ಅಪಘಾತವಾಗಿ ಆರು ಗಂಟೆಗಳೊಳಗೆ, ಆ ಸಂಗತಿಯನ್ನು ಒಂದಿಷ್ಟು ನೆನೆಯುವಂತೆ ಹೇಳಿ, ಒಂದು ಗುಂಪಿಗೆ ಸುಮಾರು ಇಪ್ಪತ್ತು ನಿಮಿಷ ಟೆಟ್ರಿಸ್ ಆಡಲು ಕೊಟ್ಟರು. ಮೊದಲ ವಾರದಲ್ಲಿ ಅವರನ್ನು ಕಾಡಿದ ನೆನಪುಗಳು ಮತ್ತೊಂದು ಗುಂಪಿಗಿಂತ ನೂರಕ್ಕೆ ೬೨ರಷ್ಟು ಕಡಿಮೆ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ, ತುರ್ತು ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ೫೬ ತಾಯಂದಿರ ಮೇಲೆ ನಡೆದ ಅಧ್ಯಯನವೂ ಇದೇ ದಿಕ್ಕನ್ನು ತೋರಿತು. ಜರ್ಮನಿಯಲ್ಲಿ ಹಳೆಯ ನೆನಪುಗಳಿಂದ ನರಳುತ್ತಿದ್ದ ೨೦ ರೋಗಿಗಳಿಗೆ, ಕಾಡುವ ನೆನಪನ್ನು ಕಾಗದದ ಮೇಲೆ ಬರೆದು, ಹರಿದು ಹಾಕಿ, ಬಳಿಕ ೨೫ ನಿಮಿಷ ಆಡುವಂತೆ ಹೇಳಿದ ಪ್ರಯೋಗ ೨೦೧೮ರಲ್ಲಿ ಪ್ರಕಟವಾಯಿತು. ಹಾಗೆ ಆರಿಸಿ ಬರೆದ ನೆನಪುಗಳು ಮರುಕಳಿಸಿದ್ದು ಗಣನೀಯವಾಗಿ ತಗ್ಗಿತು. ಇವೆಲ್ಲ ಚಿಕ್ಕ ಅಧ್ಯಯನಗಳು. ಆಟವೊಂದೇ ಚಿಕಿತ್ಸೆಯೆಂದು ಯಾವ ವೈದ್ಯರೂ ಹೇಳಿಲ್ಲ. ಆದರೂ ಹೊಸದೊಂದು ಬಾಗಿಲು ತೆರೆದಿದೆ ಎಂಬುದರಲ್ಲಿ ಸಂದೇಹವಿಲ್ಲ.

ಆಟ ಯಾವುದು, ಬಲೆ ಯಾವುದು?

ಹಾಗಾದರೆ ಮಕ್ಕಳು ಎಷ್ಟು ಹೊತ್ತಾದರೂ ಆಡಲಿ ಎನ್ನೋಣವೇ? ದುಡುಕುವುದು ಬೇಡ. ಮನಸ್ಸನ್ನು ಹಿಡಿದಿಡುವ ಅದೇ ವಿದ್ಯೆಯನ್ನು ಬಲೆ ಹೆಣೆಯಲೂ ಬಳಸಬಹುದು. ನಟಾಶಾ ಡೌ ಶುಲ್ ಎಂಬ ಮಾನವಶಾಸ್ತ್ರಜ್ಞೆ ಲಾಸ್ ವೇಗಸ್‌ನ ಜೂಜಿನ ಯಂತ್ರಗಳನ್ನು ಬಹುಕಾಲ ಅಭ್ಯಾಸ ಮಾಡಿ ೨೦೧೨ರಲ್ಲಿ ಬರೆದ ಗ್ರಂಥದಲ್ಲಿ ಒಂದು ಕಠೋರ ಸತ್ಯವಿದೆ: ವ್ಯಸನಕ್ಕೆ ಬಿದ್ದವರು ಗೆಲ್ಲಬೇಕೆಂದು ಆಡುವುದಿಲ್ಲ, ಲೋಕವನ್ನೇ ಮರೆಸುವ ಆ ಮಂಪರಿನಲ್ಲಿ ಉಳಿಯಬೇಕೆಂದು ಆಡುತ್ತಾರೆ. ಯಂತ್ರಗಳ ಕುರ್ಚಿ, ಬೆಳಕು, ಸದ್ದು ಎಲ್ಲವೂ ಅವರನ್ನು ಏಳಗೊಡದಂತೆ ರಚಿತವಾದುವು. ಈಗಿನ ಎಷ್ಟೋ ಮೊಬೈಲ್ ಆಟಗಳಲ್ಲಿ ಸೋತವನು ಮತ್ತೆ ಆಡಲು ಅರ್ಧ ಗಂಟೆ ಕಾಯಬೇಕು, ಇಲ್ಲವೆ ಹಣ ತೆರಬೇಕು. ಹದವನ್ನು ಆಡುವವನ ಸಂತೋಷಕ್ಕೆ ಕೂಡಿಸಿದ್ದಾರೋ, ಅವನ ಜೇಬಿಗೆ ಕೂಡಿಸಿದ್ದಾರೋ ಎಂಬುದೇ ಕೇಳಬೇಕಾದ ಪ್ರಶ್ನೆ.

ಹೊತ್ತಿನ ಲೆಕ್ಕವೊಂದೇ ಇದಕ್ಕೆ ಉತ್ತರ ಕೊಡಲಾರದು. ೨೦೨೨ರಲ್ಲಿ ಆಕ್ಸ್‌ಫರ್ಡಿನವರು ಏಳು ಆಟಗಳ ೩೮,೯೩೫ ಆಟಗಾರರು ಎಷ್ಟು ಹೊತ್ತು ಆಡಿದರೆಂಬ ನಿಜವಾದ ಲೆಕ್ಕವನ್ನು ತಯಾರಕರಿಂದಲೇ ಪಡೆದು ತೂಗಿ ನೋಡಿದರು. ಆಡಿದ ಹೊತ್ತು ಹೆಚ್ಚಿದ ಮಾತ್ರಕ್ಕೆ ಅಥವಾ ಕಡಿಮೆಯಾದ ಮಾತ್ರಕ್ಕೆ ಮನಸ್ಸಿನ ನೆಮ್ಮದಿ ಏರಿಳಿಯುವುದಕ್ಕೆ ಗಣನೀಯವಾದ ಆಧಾರ ಸಿಗಲಿಲ್ಲ. ಏಕೆ ಆಡುತ್ತಾರೆ, ಹೇಗೆ ಆಡುತ್ತಾರೆ ಎಂಬುದು ಹೆಚ್ಚು ಮುಖ್ಯವೆಂದು ಅವರ ಅಭಿಪ್ರಾಯ. ಇತ್ತ ವಿಶ್ವ ಆರೋಗ್ಯ ಸಂಸ್ಥೆಯವರು ಆಟದ ವ್ಯಸನವನ್ನು ೨೦೧೯ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿದಾಗಲೂ ಗಂಟೆಗಳ ಮಿತಿಯನ್ನು ಹೇಳಲಿಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾರದಿರುವುದು — ಇವು ಸಾಮಾನ್ಯವಾಗಿ ಒಂದು ವರ್ಷವಾದರೂ ಮುಂದುವರಿದರೆ ಅದು ರೋಗ ಎಂದರು. ಅದಕ್ಕೂ ಮುಂಚೆ, ೨೦೧೪ರಲ್ಲಿಯೇ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂಥ ತೊಂದರೆಗಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆದದ್ದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಭಾರತದ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದ್ದನ್ನೂ ಇಲ್ಲಿ ಸ್ಮರಿಸಬಹುದು.

ಆದುದರಿಂದ ತಾಯಿತಂದೆಗಳು ಗದರುವ ಮುನ್ನ ಮಗುವಿನ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, "ಇದರಲ್ಲಿ ನಿನಗೇನು ಇಷ್ಟ, ಮಗು? ಸೋತರೆ ಏನಾಗುತ್ತದೆ? ಸಾಕೆಂದಾಗ ಬಿಡಲು ಬರುತ್ತದೆಯೇ?" ಎಂದು ಕೇಳುವುದು ಲೇಸು. ಆಡಿ ಎದ್ದ ಮಗು ಹಸಿವೆಂದು ಅಡಿಗೆಮನೆಗೆ ಓಡಿಬಂದರೆ, ಗೆಳೆಯನನ್ನು ಕೂಗಿ ಬೀದಿಗಿಳಿದರೆ, ಅದು ಆಟವೇ ಸರಿ. ಕರೆದರೂ ಏಳದೆ, ಎದ್ದರೂ ಮನಸ್ಸು ಅಲ್ಲಿಯೇ ಸಿಕ್ಕಿಕೊಂಡಿದ್ದರೆ, ಆಗ ಎಚ್ಚರವಾಗಬೇಕು. ಮಾಸ್ಕೋದ ಆ ತಜ್ಞ ಕಂಸಗಳಿಂದ ಕಟ್ಟಿದ ಏಳು ಆಕಾರಗಳು ಅಪಘಾತದ ಗಾಯಾಳುವನ್ನು ಕಾಡುವ ನೆನಪುಗಳನ್ನು ತಗ್ಗಿಸಬಲ್ಲವಾದರೆ, ಆಟವನ್ನು ಹಳಿಯುವುದಕ್ಕಿಂತ ಅದನ್ನು ಅರಿಯುವುದರಲ್ಲಿಯೇ ನಮಗೆ ಹೆಚ್ಚು ಲಾಭವಿದೆ.